ಇಲ್ಲದ ಬಸಿರಿಗೆ ಬಯಕೆ ಊಟ

ನಾನು ಬಸುರಿ ಎಂಬ ಸುದ್ದಿ ನನಗಿಂತ ಮೊದಲು ಹೊಳೆನರಸೀಪುರದ ನಮ್ಮ ಬೀದಿಗೆ ಗೊತ್ತಾಯಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುಖ ಉಬ್ಬಿತ್ತು, ಪಾದ ಊದಿತ್ತು, ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಅಲುಗಾಡುತ್ತಿರಲಿಲ್ಲ, ಮುಟ್ಟು ನಿಂತಿತ್ತು. ನಮ್ಮ ಅತ್ತೆಗೆ ಇಷ್ಟು ಸಾಕಾಯಿತು. ಮೆಡಿಕಲ್ ಶಾಪಿನಿಂದ ಪರೀಕ್ಷೆಯ ಕಡ್ಡಿ ತಂದು ನೋಡಿದೆ, ಒಂದೇ ಗೆರೆ ಮೂಡಿತು. ಅದನ್ನು ತೋರಿಸಿದರೆ ಅತ್ತೆ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ಪಕ್ಕಕ್ಕಿಟ್ಟರು.

"ಪ್ಲಾಸ್ಟಿಕ್ ಕಡ್ಡಿಗೇನ್ ಗೊತ್ತಾಯ್ತದವ್ವ. ಮೂರ್ ಎತ್ತೋಳು ನಾನು. ಮೊಕ ನೋಡುದ್ರೇ ಏಳ್ಬುಡ್ತೀನಿ."

ನಾನು ಪಿ.ಟಿ. ಟೀಚರ್. ಊರಿನ ಹೈಸ್ಕೂಲೊಂದರಲ್ಲಿ ಸೀಟಿ ಊದಿಕೊಂಡು ದಿನವೆಲ್ಲ ಬಯಲಿನಲ್ಲಿ ನಿಲ್ಲುವವಳು. ತವರು ಶಾಂತಿಗ್ರಾಮದ ಹತ್ತಿರದ ಹಳ್ಳಿ. ಅಲ್ಲಿಂದ ಚನ್ನರಾಯಪಟ್ಟಣದ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಕಬಡ್ಡಿ ಆಡಿ, ಮೊಣಕಾಲು ತರಚಿಕೊಂಡು ಮನೆಗೆ ಬರುತ್ತಿದ್ದೆ. ಯಾವುದು ಆಟದ ನೋವು, ಯಾವುದು ಅಲ್ಲ ಎಂದು ನನ್ನ ಮೈಗೆ ಚೆನ್ನಾಗಿ ಗೊತ್ತು. ಆ ವರ್ಷ ಬಂದದ್ದು ಆಟದ ನೋವಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿಲಿನಲ್ಲಿ ನಿಂತು ಬಂದ ದಿನ ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಕೆಂಪಗೆ ಉರಿಯುತ್ತಿತ್ತು. ಬಾಯಿಯೊಳಗೆ ಹುಣ್ಣು, ಬಾಚಣಿಗೆಯ ತುಂಬ ಕೂದಲು. ಅತ್ತೆ ಇದೆಲ್ಲವನ್ನೂ ಬಸಿರಿನ ಖಾತೆಗೇ ಹಾಕಿಕೊಂಡರು. ಕೆನ್ನೆಯ ಕೆಂಪನ್ನು ಬಂಗು ಎಂದರು, ಕೂದಲು ಉದುರಿದರೆ ಹೆಣ್ಣು ಮಗು ಎಂದರು.

ಮೂತ್ರದಲ್ಲಿ ನೊರೆ ಬರುತ್ತಿತ್ತು. ಸುಳ್ಳು ಹೇಳಬಾರದು, ಅದನ್ನು ನೋಡಿ ನಾನು ಅತ್ತೆ ಟಾಯ್ಲೆಟ್ಟಿಗೆ ಸೋಪಿನ ಪುಡಿ ಹೆಚ್ಚಾಗಿ ಸುರಿದಿದ್ದಾರೆ ಎಂದುಕೊಂಡಿದ್ದೆ. ನೀರು ಹಾಕಿದರೂ ಹೋಗದೆ, ಆಗತಾನೆ ಕರೆದ ಹಾಲಿನ ನೊರೆಯ ಹಾಗೆ ನಿಂತೇ ಇರುತ್ತಿತ್ತು. ಮೈಯೊಳಗಿನ ಸತ್ವ ಹಾಗೆ ಸೋರಿಹೋಗುತ್ತಿದೆ ಎಂದು ಯಾರಿಗೆ ಹೊಳೆಯಬೇಕು.

ನಮ್ಮ ಕಡೆ ಬಸುರಿಗೆ ಬಯಕೆ ಊಟ ಹಾಕುತ್ತಾರೆ. ತವರಿನವರು ಮೊದಲು ತರಬೇಕು, ಆಮೇಲೆ ನೆಂಟರು, ಆಮೇಲೆ ಅಕ್ಕಪಕ್ಕದವರು. ಅವಳು ಆಸೆಪಟ್ಟದ್ದು, ಪಡದೇ ಇದ್ದದ್ದು ಎಲ್ಲವನ್ನೂ ಮಾಡಿ ತಂದು, ಮುಂದೆ ಕೂತು ತಿನ್ನಿಸಿ ಹೋಗುತ್ತಾರೆ. ಅವ್ವ ಶಾಂತಿಗ್ರಾಮದಿಂದ ಹಾಸನಕ್ಕೆ, ಹಾಸನದಿಂದ ನಮ್ಮೂರಿಗೆ ಬಸ್ಸು ಬದಲಾಯಿಸಿಕೊಂಡು, ತೊಡೆಯ ಮೇಲೆ ಸ್ಟೀಲ್ ಡಬ್ಬಿಗಳನ್ನಿಟ್ಟುಕೊಂಡು ಬಂದಳು. ಕೋಡುಬಳೆ, ನಿಪ್ಪಟ್ಟು, ಮಜ್ಜಿಗೆ ಮೆಣಸಿನಕಾಯಿ, ಮಾವಿನಕಾಯಿ ಉಪ್ಪಿನಕಾಯಿ. ಎದುರುಮನೆಯಿಂದ ಹುಣಿಸೆ ತೊಕ್ಕು ಬಂತು. ಅತ್ತೆಯ ಕೈಯದು ಉಪ್ಸಾರು ಮುದ್ದೆ, ಅದರ ಮೇಲೆ ಒಂದು ಗೋಲಿ ಖಾರ. ನಾನು ಯಾವುದನ್ನೂ ಬೇಡ ಎನ್ನಲಿಲ್ಲ, ಏಕೆಂದರೆ ನನಗೂ ಅಷ್ಟು ಜನರ ನಡುವೆ ನಾನು ಬಸುರಿಯೇ ಇರಬೇಕು ಅನ್ನಿಸಿಬಿಟ್ಟಿತ್ತು.

ಅಷ್ಟೂ ಉಪ್ಪು. ಹೊರಗೆ ಹೋಗಲು ದಾರಿಯಿಲ್ಲದ ಮೈಯೊಳಗೆ ದಿನದಿನವೂ ಪ್ರೀತಿಯಿಂದ ಉಪ್ಪು ಸುರಿದರು. ಊತ ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಏರಿತು, ಹೊಟ್ಟೆಯೂ ಬಂತು. ಹೊಟ್ಟೆ ಬಂದದ್ದನ್ನು ನೋಡಿ ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಬೀದಿಯಲ್ಲಿ ನನ್ನನ್ನು ಎಡಕ್ಕೊಂದು ಬಲಕ್ಕೊಂದು ಸಾರಿ ತಿರುಗಿಸಿ ತೋರಿಸಿದರು.

ಒಂದು ಬೆಳಿಗ್ಗೆ ಶಾಲೆಗೆ ಹೊರಟಾಗ ಬೂಟಿನೊಳಗೆ ಕಾಲು ಹೋಗಲಿಲ್ಲ. ಲೇಸು ಪೂರ್ತಿ ಬಿಚ್ಚಿದರೂ ಹೋಗಲಿಲ್ಲ. ಅತ್ತೆಯ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿ, ಪ್ರಾರ್ಥನೆಯ ಸಾಲು ನಿಲ್ಲಿಸಲು ಸೀಟಿ ಬಾಯಿಗಿಟ್ಟೆ. ಊದಲು ಉಸಿರಿಲ್ಲ. ಒಂದೇ ಉಸಿರಿನಲ್ಲಿ ಎದುರು ಅಂಕಣಕ್ಕೆ ನುಗ್ಗಿ ಇಬ್ಬರನ್ನು ಮುಟ್ಟಿ ಬರುತ್ತಿದ್ದವಳಿಗೆ ಸೀಟಿ ಊದಲು ಉಸಿರಿಲ್ಲ. ನನಗೆ ಭಯವಾಗುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮನೆಗೆ ಹೋಗದೆ, ಯಾರಿಗೂ ಹೇಳದೆ, ಅದೇ ಹವಾಯಿ ಚಪ್ಪಲಿಯಲ್ಲಿ ಹಾಸನದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರು ರಕ್ತದೊತ್ತಡ ನೋಡಿ, ಇನ್ನೊಂದು ಸಾರಿ ನೋಡಿ, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮೂತ್ರ, ರಕ್ತ ಎಲ್ಲಾ ಪರೀಕ್ಷೆಗೆ ಹೋಯಿತು. ಡಾಕ್ಟರು ಫೋನು ಮಾಡಿಸಿದ ಮೇಲೆ, ಸಂಜೆಯ ಹೊತ್ತಿಗೆ ಹಾರ್ಡ್‌ವೇರ್ ಅಂಗಡಿ ಬಾಗಿಲು ಹಾಕಿಕೊಂಡು ನನ್ನ ಗಂಡ ಬಂದು ಪಕ್ಕದಲ್ಲಿ ಕೂತಿದ್ದರು.

"ನೀವು ಪ್ರೆಗ್ನೆಂಟ್ ಅಲ್ಲಮ್ಮ," ಎಂದರು ಡಾಕ್ಟರು. "ಇದು ಲೂಪಸ್ ಅನ್ನೋ ಕಾಯಿಲೆ. ರೋಗ ಬರದ ಹಾಗೆ ಕಾಯಬೇಕಾದ ಶಕ್ತಿನೇ ತಿರುಗಿ ನಿಮ್ಮ ಮೈ ಮೇಲೆ ಬಿದ್ದಿದೆ. ಕೀಲು, ಚರ್ಮ ಆಯ್ತು, ಈಗ ಕಿಡ್ನಿಗೆ ಕೈ ಹಾಕಿದೆ."

ನನಗೆ ತಕ್ಷಣ ಅರ್ಥವಾಯಿತು. ಕಬಡ್ಡಿಯಲ್ಲಿ ನಮ್ಮ ತಂಡದವರೇ ನಮ್ಮ ರೈಡರ್ ಕಾಲು ಹಿಡಿದು ಕೆಡವಿದ ಹಾಗೆ. ನನ್ನ ಗಂಡ ಮಾತ್ರ, "ಮತ್ತೆ ಒಟ್ಟೆ ಬಂದದಲ್ಲ ಮೇಡಂ," ಎಂದರು. ಅದು ನೀರು ಎಂದರು ಡಾಕ್ಟರು.

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಗಂಡ ಅದನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

"ಮಗೀನ್ ಎದೆ ಬಡ್ಕಳಾದು ಕೇಳುಸ್ದ್ರೇನವ್ವ? ಈಗ ಮಿಸಿನ್‌ನಾಗೆ ಕೇಳುಸ್ತರಂತಲ್ಲ."

"ಮಗು ಇಲ್ಲ ಅತ್ತೆ. ಇರಲೇ ಇಲ್ಲ. ಕಿಡ್ನಿ ಕೆಟ್ಟಿದೆಯಂತೆ."

ಆ ಕಡೆ ಟಿ.ವಿ. ಓಡುತ್ತಿರುವುದು ಕೇಳುತ್ತಿತ್ತು. ಅತ್ತೆ ಫೋನನ್ನು ಇಡಲಿಲ್ಲ. ಕೊನೆಗೆ ನಾನೇ ಇಟ್ಟೆ.

ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಅದರ ಒಂದು ಎಳೆ ತೆಗೆದು ನೋಡಬೇಕಿತ್ತು. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದರು. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಒಳಗೆ ಹೋಗುವಾಗ ಉಸಿರು ಬಿಗಿಹಿಡಿಯಿರಿ ಎಂದರು. ಹಿಡಿದೆ. ಆಯ್ತು ಬಿಡಿ ಎಂದರೂ ಬಿಡಲಿಲ್ಲ. ಇಷ್ಟಾದರೂ ನನ್ನಿಂದ ಆಗುತ್ತದೆ ಎಂದು ಆ ಕೋಣೆಯಲ್ಲಿ ಯಾರಿಗಾದರೂ ತೋರಿಸಬೇಕಿತ್ತು, ಕೊನೆಗೆ ಆ ಸೂಜಿಗಾದರೂ. ಸಾಕು ಬಿಡಮ್ಮ ತಾಯಿ ಎಂದು ನರ್ಸು ಭುಜ ತಟ್ಟಿದ ಮೇಲೆ ಬಿಟ್ಟೆ.

ವರದಿ ಬಂದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕೆಟ್ಟಿದೆ, ಆದರೆ ಕೈಮೀರಿಲ್ಲ. ಮೊದಲು ಡ್ರಿಪ್ಪಿನಲ್ಲಿ ಜೋರಾದ ಔಷಧಿ, ಆಮೇಲೆ ವರ್ಷಗಟ್ಟಲೆ ಮಾತ್ರೆ. ಉಪ್ಪು ಕಡಿಮೆ, ಬಿಸಿಲು ಬೇಡ. "ಇನ್ನೊಂದು ಮುಖ್ಯ ವಿಷಯ. ಈ ಮಾತ್ರೆ ತಗೊಳ್ಳೋವಾಗ ಬಸುರಾಗಬಾರದು, ಮಗುಗೆ ತೊಂದರೆ. ಕಾಯಿಲೆ ಪೂರ್ತಿ ತಣ್ಣಗಾಗಿ, ಹಾಗೇ ಸ್ವಲ್ಪ ಕಾಲ ಇದ್ದರೆ ಮಾತ್ರೆ ಬದಲಾಯಿಸ್ತೀವಿ. ಆಗ ಮಗು ಬಗ್ಗೆ ಯೋಚನೆ ಮಾಡಬಹುದು. ನಾವು ಹೇಳದೆ ನೀವೇ ನಿಲ್ಲಿಸಿದ್ರೆ ಮಗುನೂ ನಿಲ್ಲಲ್ಲ, ಕಿಡ್ನಿನೂ ನಿಲ್ಲಲ್ಲ. ಆಮೇಲೆ ಡಯಾಲಿಸಿಸ್." ಗಂಡ ತಲೆಯಾಡಿಸಿದರು. ಅವರು ಅಂಗಡಿಯಲ್ಲಿ ಗಿರಾಕಿಗಳಿಗೂ ಹಾಗೇ ತಲೆಯಾಡಿಸುತ್ತಾರೆ.

ಮನೆಗೆ ಬಂದ ಮೇಲೆ ನೀರು ಇಳಿಯಿತು. ಊದಿದ ಹೊಟ್ಟೆ ಕೆಲವೇ ವಾರಗಳಲ್ಲಿ ಚಪ್ಪಟೆಯಾಯಿತು. ನಮ್ಮ ಮನೆಯ ಕಷ್ಟ ಶುರುವಾದದ್ದೇ ಅಲ್ಲಿಂದ. ಬೀದಿಯ ಪಾಲಿಗೆ ನಾನು ಬಯಕೆ ಊಟ ಉಂಡ ಬಸುರಿ. ಆಸ್ಪತ್ರೆಗೆ ಹೋದೆ, ಬಂದೆ, ಹೊಟ್ಟೆಯಿಲ್ಲ. ಕಿಡ್ನಿ, ಲೂಪಸ್ ಎಂಬುದೆಲ್ಲ ಯಾರಿಗೆ ಬೇಕು. ತೆಗೆಸಿಬಿಟ್ಟಳು ಎಂದರು. ಮೈದಾನದಲ್ಲಿ ಕುಣಿಯುವುದಕ್ಕೆ ಅಡ್ಡಿಯಾಗುತ್ತದೆಂದು ತೆಗೆಸಿದಳಂತೆ. ತೊಕ್ಕು ತಂದುಕೊಟ್ಟಿದ್ದ ಎದುರುಮನೆಯಾಕೆ ಡಬ್ಬಿ ವಾಪಸು ಇಸಿದುಕೊಳ್ಳುವ ನೆಪದಲ್ಲಿ ಬಂದು, ನನ್ನ ಹೊಟ್ಟೆಯನ್ನೇ ನೋಡುತ್ತ, "ನಾವ್ ಉಣ್ಣುಸ್ದ್ ಅನ್ನ ಇಂಗ್ ಮಾಡ್ಬುಟ್ಟೆಯಲ್ಲವ್ವ," ಎಂದಳು. ನಾನು ಫೈಲಿನಿಂದ ವರದಿ ತೆಗೆದು ಅವಳ ಕೈಗೆ ಕೊಟ್ಟು, "ಓದ್ಕೊಳಿ," ಎಂದೆ. ಓದಲು ಬಾರದವಳ ಕೈಗೆ ಇಂಗ್ಲಿಷ್ ಕಾಗದ ಕೊಟ್ಟದ್ದು ಜಗಳಗಂಟಿತನವೇ ಹೌದು. ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಸ್ಟೀರಾಯಿಡ್ ಮಾತ್ರೆಗೆ ಮುಖ ಮತ್ತೆ ಗುಂಡಗಾಯಿತು. ಶಾಲೆಯಲ್ಲಿ ಹೆಡ್‌ಮಾಸ್ಟರು, ಇನ್ನು ಬಯಲು ಬೇಡ ಮೇಡಂ, ಲೈಬ್ರರಿ ನೋಡ್ಕೊಳ್ಳಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಟೈಮ್‌ಟೇಬಲ್ ಬದಲಾಯಿಸಿಕೊಂಡು ಬಿಸಿಲೇರುವ ಮುಂಚೆ ಮತ್ತು ಬಿಸಿಲಿಳಿದ ಮೇಲೆ ಆಟ ಇಟ್ಟುಕೊಂಡೆ. ಉದ್ದ ತೋಳಿನ ಅಂಗಿ, ಅಗಲ ಟೋಪಿ, ಅದೂ ಸಾಲದೆ ಒಂದು ಕರೀ ಕೊಡೆ. ಕೊಡೆ ಹಿಡಿದು ಸೀಟಿ ಊದುವ ಪಿ.ಟಿ. ಟೀಚರನ್ನು ನೋಡಿ ಮೊದಲ ವಾರ ಇಡೀ ಶಾಲೆ ನಕ್ಕಿತು. ನಗಲಿ ಎಂದು ಬಿಟ್ಟೆ. ಆ ವರ್ಷವೂ ನಮ್ಮ ಹುಡುಗಿಯರು ತಾಲ್ಲೂಕು ಮಟ್ಟದಲ್ಲಿ ಗೆದ್ದರು, ನಾನು ಕೊಡೆಯ ಕೆಳಗೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

ಅಡಿಗೆಮನೆಯಲ್ಲಿ ಬೇರೆ ಯುದ್ಧ. ಉಪ್ಪಿಲ್ಲದ ಸಾರು ಮಾಡಲು ಅತ್ತೆಗೆ ಕೈಯೇ ಬರುತ್ತಿರಲಿಲ್ಲ. ಮನೆಮಂದಿ ಉಣ್ಣುವುದನ್ನು ಸೊಸೆಗೆ ಇಲ್ಲ ಎನ್ನುವುದು ಅವರಿಗೆ ಪಾಪ. ನನ್ನದೆಂದು ಬೇರೆ ತೆಗೆದಿಟ್ಟ ಬೇಳೆಕಟ್ಟಿಗೆ, ನಾನು ಆ ಕಡೆ ತಿರುಗಿದಾಗ, ಒಂದು ಚಿಟಿಕೆ ಉದುರಿಸುತ್ತಿದ್ದರು. ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಗುತ್ತಿತ್ತು. ಒಂದು ದಿನ ತಟ್ಟೆ ತಳ್ಳಿ ಎದ್ದೆ.

"ಸಪ್ಪೆ ಉಣ್ಣೋದು ಸೂತ್ಕದ ಮನೇಲಿ ಕಣವ್ವ," ಎಂದು ಅವರು ಅತ್ತರು. "ನನ್ ಮನೇಲ್ ಯಾರ್ ಸತ್ತವ್ರೆ?"

"ಯಾರೂ ಸಾಯಬಾರ್ದು ಅಂತಲೇ ಸಪ್ಪೆ ಉಣ್ತಿರೋದು ಅತ್ತೆ."

ಅವರು ಕೆಟ್ಟವರಲ್ಲ. ಅದೇ ನನಗೆ ಕಷ್ಟವಾಗಿದ್ದು. ಕೆಟ್ಟವರ ಎದುರು ನಿಲ್ಲುವುದು ಸುಲಭ, ಅಂಕಣಕ್ಕಿಳಿದರೆ ಸಾಕು. ನೋವು ಹೆಚ್ಚಾದ ರಾತ್ರಿಗಳಲ್ಲಿ ಬಿಸಿನೀರಿನ ಚೀಲ ತಂದು ಕಾಲಿಗಿಟ್ಟು, ತಾವೂ ನೆಲದ ಮೇಲೆ ಕೂತಿರುತ್ತಿದ್ದ ಹೆಂಗಸಿನ ಎದುರು ಹೇಗೆ ನಿಲ್ಲುವುದು? ಆದರೂ ನಿಲ್ಲಬೇಕಿತ್ತು, ಏಕೆಂದರೆ ಬೀದಿಯ ಮಾತು ಕೇಳಿ ಕೇಳಿ ಅತ್ತೆಯ ಮನಸ್ಸಿನಲ್ಲಿ ಇನ್ನೊಂದು ಕತೆ ಬೇರು ಬಿಟ್ಟಿತ್ತು. ಮಗು ಇತ್ತು, ಹಾಸನದ ಮಾತ್ರೆ ಅದನ್ನು ಕರಗಿಸಿತು, ಮಾತ್ರೆ ಬಿಟ್ಟರೆ ಮತ್ತೆ ನಿಲ್ಲುತ್ತದೆ. ಮಗು ಇಲ್ಲದ ಮೇಲೆ ತಾವು ಊರಿಗೆಲ್ಲ ಹಂಚಿದ ಸಂತೋಷ ಏನಾಗಿತ್ತು ಎಂಬುದಕ್ಕೆ ಅವರಿಗೂ ಒಂದು ಉತ್ತರ ಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಎರಡನೆಯ ವರ್ಷ ಅವರು ಮನೆದೇವರಲ್ಲಿ ಹೂ ಕೇಳಿಸಬೇಕೆಂದು ಹಟ ಹಿಡಿದರು. ಮನೆದೇವರಮ್ಮನ ಗುಡಿ ಅರಕಲಗೂಡಿನಿಂದ ಆಚೆ ಒಂದು ಹಳ್ಳಿಯಲ್ಲಿದೆ. ನಮ್ಮ ಕಡೆ ಹೆಣ್ಣು ತರುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ತಾಯಿಯ ಹೂ ಕೇಳದೆ ಯಾರೂ ಕೈ ಹಾಕುವುದಿಲ್ಲ. ನನ್ನನ್ನು ಈ ಮನೆಗೆ ತರುವಾಗಲೂ ಕೇಳಿದ್ದರಂತೆ. ಪೂಜಾರಿ ವಿಗ್ರಹದ ಮೈಮೇಲೆ ನೀರದ್ದಿದ ಹೂ ಅಂಟಿಸುತ್ತಾನೆ. ಕೇಳುವವರು ಕೇಳಿ ಕಾಯುತ್ತಾರೆ. ಬಲಗಡೆ ಹೂ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ.

"ಒಂದ್ಸಲ ಓಗ್ಬರಾನ ಕಣೆ," ಎಂದರು ಗಂಡ. "ಅವ್ವನ್ ಮನ್ಸಿಗೆ ಸಮಾದಾನ. ಊವ ಎಡಕ್ಕೇ ಬೀಳ್ಬೋದು."

"ಬಲಕ್ಕೆ ಬಿದ್ರೆ?"

ಅವರು ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡು ನಿಂತರು. ಡಾಕ್ಟರು ಹೇಳಿದ್ದನ್ನು ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದ ಮನುಷ್ಯ ಈಗ ನನ್ನ ಕಿಡ್ನಿಯನ್ನು ಒಂದು ಸೇವಂತಿಗೆ ಹೂವಿಗೆ ಬಿಟ್ಟು ನೋಡೋಣ ಎನ್ನುತ್ತಿದ್ದಾರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೂ ಹೊರಟೆ. ಬರುವುದಿಲ್ಲ ಎಂದರೆ ನನ್ನನ್ನು ಬಿಟ್ಟೇ ಕೇಳಿಕೊಂಡು ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು. ನನ್ನ ವಿಷಯ ನಡೆಯುವ ಕಡೆ ನಾನಿರಬೇಕು.

ಶುಕ್ರವಾರ. ನಮಗಿಂತ ಮೊದಲು ಬಂದವರು ಮಗನ ಸೈಟಿನ ವಿಷಯ ಕೇಳುತ್ತಿದ್ದರು, ಹೂ ಬೀಳಲು ತಡವಾಯಿತು. ನನ್ನ ಬೆಳಗಿನ ಮಾತ್ರೆಯ ಹೊತ್ತು ಮೀರುತ್ತಿತ್ತು. ಮಾತ್ರೆ ನನ್ನ ಪರ್ಸಿನಲ್ಲಿತ್ತು, ನೀರಿನ ಬಾಟಲಿ ದೂರದಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ. ನಮ್ಮ ಸರದಿ ಬಂದಾಗ ಅತ್ತೆ ಸೆರಗು ಹೊದ್ದು ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಾಯಿ, ನನ್ ಸೊಸೆ ಮಾತ್ರೆ ಬುಟ್ಟು, ಅವಳ್ ಒಟ್ಟೇಲಿ ಒಂದ್ ಕೂಸು ಆಗಾಂಗಿದ್ರೆ ಬಲಗಡೆ ಕೊಡವ್ವ."

ನಾನು ವಿಗ್ರಹದ ಬಲ ಭುಜವನ್ನೇ ದುರುಗುಟ್ಟಿಕೊಂಡು ನೋಡಿದೆ. ಬೀಳಬೇಡ ಎಂದು ಕೇಳಿಕೊಂಡೆ ಎಂದರೆ ಸುಳ್ಳಾಗುತ್ತದೆ. ಬಿದ್ದರೂ ನಾನು ಏನು ಮಾಡುತ್ತೇನೆ ಎಂದು ಮಾತ್ರ ಯೋಚಿಸುತ್ತಿದ್ದೆ. ದೀಪದ ಎಣ್ಣೆಯ ವಾಸನೆ, ಯಾರದೋ ಮಗುವಿನ ಕೆಮ್ಮು. ಅತ್ತೆಯ ತುಟಿ ಅಲ್ಲಾಡುತ್ತಲೇ ಇತ್ತು.

ಹೂ ಬಲಗಡೆ ಬಿತ್ತು.

ಅತ್ತೆ ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟರು. ನಮ್ಮ ಹಿಂದೆ ನಿಂತಿದ್ದವರೂ ಕೈಮುಗಿದರು. ಪೂಜಾರಿ ಬಿದ್ದ ಹೂವನ್ನು ತಂದು ನನ್ನ ಸೆರಗಿಗೆ ಹಾಕಿದ. ಗಂಡ ನನ್ನ ಮುಖ ನೋಡಲಿಲ್ಲ, ಹೂವನ್ನೇ ನೋಡುತ್ತಿದ್ದರು. ಎಲ್ಲರೂ ತೀರ್ಥಕ್ಕೆ ಕೈ ಚಾಚಿದರು. ನಾನು ಪರ್ಸ್ ತೆಗೆದು, ಮಾತ್ರೆಯ ಹಾಳೆಯಿಂದ ಮಾತ್ರೆಯನ್ನು ಒತ್ತಿ ಹೊರತೆಗೆದೆ. ಆ ಸಣ್ಣ ಶಬ್ದಕ್ಕೆ ಅತ್ತೆ ತಲೆಯೆತ್ತಿದರು. ಮಾತ್ರೆಯನ್ನು ಬಾಯಿಗಿಟ್ಟುಕೊಂಡು ಪೂಜಾರಿಯ ಮುಂದೆ ಬೊಗಸೆ ಹಿಡಿದೆ.

ಅವನಿಗೆ ಎಲ್ಲವೂ ಕಾಣಿಸುತ್ತಿತ್ತು. ಉದ್ಧರಣೆಯಲ್ಲಿ ತೀರ್ಥ ಹಾಕಿದ, ಕುಡಿದೆ, ಮಾತ್ರೆ ಗಂಟಲಲ್ಲೇ ನಿಂತಿತು. ಕೈ ಮತ್ತೆ ಚಾಚಿದೆ. ಅವನು ಅತ್ತೆಯನ್ನೊಮ್ಮೆ ನೋಡಿ, ಇನ್ನೊಂದು ಉದ್ಧರಣೆ ಹಾಕಿ, "ಇನ್ನೊಸಿ ಕುಡಿ ತಾಯಿ, ಗಂಟ್ಲಲ್ ಸಿಗಾಕಂಡದೆ," ಎಂದ. ತುಳಸಿ, ಕರ್ಪೂರ ಎಲ್ಲ ಬೆರೆತ ತಣ್ಣನೆಯ ನೀರಿನ ಜೊತೆ ಮಾತ್ರೆ ಇಳಿಯಿತು.

ವಾಪಸು ಬರುವಾಗ ಅರಕಲಗೂಡು ದಾಟಿದ ಮೇಲೆ ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು.

"ತಾಯಿ ಊವ ಕೊಟ್ಳು. ಅವಳ್ ಮುಂದ್ಲೇ ಅಂಗ್ ಮಾಡ್ಬುಟ್ಟೆಯಲ್ಲ. ನಾನೇನ್ ನಿಂಗ್ ಕೆಟ್ಟದ್ ಕೇಳಿದ್ನಾ? ಒಂದ್ ಕೂಸು ಕೇಳ್ದೆ."

ನಾನು ಹಿಂದಕ್ಕೆ ತಿರುಗಿ ಕೂತೆ. ಅವರ ಕಣ್ಣು ಊದಿತ್ತು. ಅಷ್ಟು ಸಿಟ್ಟಿನಲ್ಲೂ ನನಗೆ ಅವರ ಮೇಲೆ ಪ್ರೀತಿಯಿತ್ತು, ಅದನ್ನು ಮುಚ್ಚಿಡುವ ಮನಸ್ಸಾಗಲಿಲ್ಲ, ಹಾಗೆಂದು ಬಿಟ್ಟುಕೊಡುವ ಮನಸ್ಸೂ ಆಗಲಿಲ್ಲ.

"ಅತ್ತೆ, ನನಗೂ ಮಗು ಬೇಕು. ನಿಮಗಿಂತ ಜಾಸ್ತಿ ಬೇಕು. ಆದ್ರೆ ನನ್ನ ಮಗು ನನ್ನನ್ನ ಅವ್ವ ಅಂತ ಕರೀಬೇಕು. ನನ್ನ ಫೋಟೋಗೆ ಕೈ ಮುಗಿಯೋ ಮಗು ನನಗೆ ಬೇಡ. ಅದನ್ನ ತಾಯಿ ಕೊಟ್ರೂ ಬೇಡ."

ಗಂಡ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಬಾಗಿಲ ಬದಿಯಲ್ಲಿದ್ದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ನನ್ನ ಕೈಗೆ ಕೊಟ್ಟರು. "ನಾನೂ ಇನ್ ಕೇಳಲ್ಲ," ಎಂದರು. "ಅವ್ವ, ನೀನೂ ಕೇಳ್ಬ್ಯಾಡ."

ಅತ್ತೆ ಮುಂದಕ್ಕೆ ಬಾಗಿ, ನನ್ನ ಸೆರಗಿನಲ್ಲಿದ್ದ ಹೂವನ್ನು ತೆಗೆದುಕೊಂಡು ತಮ್ಮ ತುರುಬಿಗೆ ಸಿಕ್ಕಿಸಿಕೊಂಡರು.

"ಸರಿ ಬುಡು. ಊವ ಮೀರಿದ್ಕೆ ತಾಯಿ ನನ್ನೇ ಕೇಳ್ಕಳ್ಳಿ," ಎಂದರು. "ನೀನ್ ಬದುಕ್ಕೊ."